ನನ್ನ ಕೇಳೋರು ಯಾರೂ ಇಲ್ಲ

ಬಡಗಿಯ ಕೆಲಸದ ಕೊಟ್ಟಿಗೆಯ ಮೂಲೆಯಲ್ಲಿ ಎರಡು ಸ್ಪೀಕರ್ ಪೆಟ್ಟಿಗೆಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು, ಮಗ್ಗಿ ಒಪ್ಪಿಸಲಾಗದೆ ಶಿಕ್ಷೆಗೆ ಒಳಗಾದ ಮಕ್ಕಳ ಹಾಗೆ. ಅವನೇ ಕೈಯಾರೆ ಮಾಡಿದ ಪೆಟ್ಟಿಗೆಗಳು. ದಪ್ಪ ಹಲಗೆ, ಮೂಲೆಗೆ ಹಿತ್ತಾಳೆಯ ಪಟ್ಟಿ, ಮುಂದೆ ಜಾಲರಿ. ಕಾಳು ತುಂಬುವ ಕಣಜಕ್ಕಾದರೆ ಹೇಳಿ ಮಾಡಿಸಿದ ಹಾಗಿದ್ದವು. ಒಂದೊಂದನ್ನು ಎತ್ತಲು ಇಬ್ಬರು ಬೇಕು, ಮೆಟ್ಟಿಲು ಹತ್ತಿಸಲು ಮೂವರು.

ಅವರ ತಂಡದಲ್ಲಿದ್ದವರೇ ಮೂವರು. ಬಡಗಿ ಗಿಟಾರು ನುಡಿಸುತ್ತಿದ್ದ. ಅವನ ಭಾವ, ಹಿಟ್ಟಿನ ಗಿರಣಿಯವನು, ಡ್ರಮ್ ಬಾರಿಸುತ್ತಿದ್ದ. ಹಾಡುವವಳು ಅಕ್ಕ. ಬೆಳಗ್ಗೆ ಹಾಲಿನ ಕೇಂದ್ರದಲ್ಲಿ ಹಾಲು ಅಳೆಯುವುದು, ಭಾನುವಾರಗಳಲ್ಲಿ ಹಾಡುವುದು. ಐವತ್ತು, ಅರವತ್ತು ಜನ ಸೇರುವ ಸಣ್ಣ ಸಮಾರಂಭಗಳಿಗೆ ಮೂವರೂ ಎರಡು ವರ್ಷದಿಂದ ಹೋಗಿಬರುತ್ತಿದ್ದರು. ಹೋದ ಭಾನುವಾರ ಅದಕ್ಕೆ ಕಲ್ಲು ಬಿತ್ತು.

ಅಂಚೆ ಕಚೇರಿಯವರೊಬ್ಬರ ನಿವೃತ್ತಿಯ ಕೂಟ. ಮೂರನೆಯ ಹಾಡು ಬಡಗಿಯೇ ಬರೆದದ್ದು. ಅವನು ಬರೆದ ಹಾಡು ಅದೊಂದೇ. ಬಿಟ್ಟುಹೋದವಳನ್ನು ನೆನೆದು ಬರೆದ ದುಃಖದ ಹಾಡು. ಎರಡನೆಯ ಚರಣದಲ್ಲಿ ‘ನೀನು ಹೋದ ಮೇಲೆ ಮನೆ ತುಂಬ ಮೌನ’ ಎಂಬ ಸಾಲು ಬಂದಾಗಲೆಲ್ಲ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಂದು ಅಷ್ಟರವರೆಗೂ ಹೋಗಲಿಲ್ಲ. ಮೊದಲ ಚರಣದಲ್ಲೇ ಪೆಟ್ಟಿಗೆಗಳು ಗುಂಯ್ ಎಂದವು, ಮೈಕು ಕುಯ್ಯೆಂದು ಕಿರುಚಿತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಅಕ್ಕ ಹಾಡು ನಿಲ್ಲಿಸಿ ಮೈಕನ್ನು ಕುರ್ಚಿಯ ಮೇಲಿಟ್ಟಳು.

“ನನ್ನ ಕೇಳೋರು ಯಾರೂ ಇಲ್ಲ ಇಲ್ಲಿ. ಮುಂದಿನ ಭಾನುವಾರಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ,” ಎಂದು ಮೆತ್ತಗೆ ಹೇಳಿ ಇಳಿದು ಹೋದಳು.

ಮುಂದಿನ ಭಾನುವಾರ ವಾಚನಾಲಯದ ಹೊಸ ಕೋಣೆಯ ಆರಂಭ. ಒಪ್ಪಿಕೊಂಡಾಗಿತ್ತು. ಆದರೆ ಬಡಗಿಗೆ ಚುಚ್ಚುತ್ತಿದ್ದದ್ದು ಆ ಒಂದು ಭಾನುವಾರವಲ್ಲ. ಚಿಕ್ಕವನಿದ್ದಾಗ ಅವನಿಗೆ ಗಿಟಾರಿನ ಮೊದಲ ತಂತಿ ತಂದುಕೊಟ್ಟವಳೇ ಅಕ್ಕ. ಅವಳಿಲ್ಲದ ತಂಡ ಯಾರಿಗೆ ಬೇಕು?

“ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ?” ಎಂದ ಭಾವ. ಗಿರಣಿಯ ಗದ್ದಲದಲ್ಲಿ ಇಪ್ಪತ್ತು ವರ್ಷ ಕಳೆದವನು. ಗುಟ್ಟು ಹೇಳಿದರೂ ಬೀದಿಗೆಲ್ಲ ಗೊತ್ತಾಗುತ್ತಿತ್ತು. “ಅವಳ ದನಿ ಕೇಳ್ತಿಲ್ಲ ಅಂದ್ಲು. ದೊಡ್ಡ ಸ್ಪೀಕರ್ ತರೋಣ. ನನ್ನ ಗಿರಣಿವರೆಗೂ ಕೇಳ್ಬೇಕು, ಅಂಥದ್ದು.”

ಬಡಗಿಗೂ ಅದೇ ಸರಿಯೆನಿಸಿತು. ಮಂಗಳವಾರ ಇಬ್ಬರೂ ಪೇಟೆಯ ಸ್ಪೀಕರ್ ಅಂಗಡಿಗೆ ಹೋದರು. ಉದ್ದನೆಯ ಕೋಣೆ, ನುಣುಪು ನೆಲ, ಎರಡೂ ಕಡೆ ಕಪ್ಪು ಪೆಟ್ಟಿಗೆಗಳ ಸಾಲು. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಮುದುಕನೊಬ್ಬ ಯಜಮಾನ. ಕನ್ನಡಕವನ್ನು ಹಣೆಗೇರಿಸಿ ಇಬ್ಬರನ್ನೂ ಅಳೆದು ನೋಡಿದ.

“ಯಜಮಾನ್ರೇ, ಇರೋದ್ರಲ್ಲಿ ದೊಡ್ಡದು ಯಾವುದು?” ಎಂದ ಭಾವ.

“ಅದು,” ಎಂದು ಮುದುಕ ಸೊಂಟದೆತ್ತರದ ಜೋಡಿಯೊಂದನ್ನು ತೋರಿಸಿದ. “ಹದಿನೈದಿಂಚಿನದು. ಎಷ್ಟು ಜನ ಕೂರ್ತಾರೆ?”

“ಅರವತ್ತು.”

“ಬಯಲಲ್ಲೋ, ಕೋಣೇಲೋ?”

“ಕೋಣೇಲಿ.”

“ಸೊಳ್ಳೆ ಹೊಡೆಯೋಕೆ ಒನಕೆ ಯಾಕಪ್ಪ?” ಮುದುಕ ನಗಲಿಲ್ಲ. “ಈಗಿರೋದನ್ನ ಎಲ್ಲಿಡ್ತೀರಿ?”

“ಹಾಡೋರ ಹಿಂದೆ. ಮುಂದೆ ಇಟ್ರೆ ಜನ ಎಡವ್ತಾರೆ,” ಎಂದ ಬಡಗಿ.

“ಅದೇ. ಮೈಕು ತನ್ನ ಸದ್ದು ತಾನೇ ಕೇಳಿಸ್ಕೊಂಡು ಕಿರುಚುತ್ತೆ. ಹಾಡೋರು ಏನಂತಾರೆ? ಅವರನ್ನ ಕೇಳಿದ್ರಾ?”

“ಅವಳನ್ನ ಕೇಳೋದಕ್ಕೇ ಆಗ್ತಿಲ್ಲ ಅಂತಲ್ವೇ ಬಂದಿರೋದು,” ಎಂದು ಭಾವ ನಕ್ಕ.

“ಅದಲ್ಲ. ಅವರನ್ನ ಕೇಳಿದ್ರಾ ಅಂದೆ. ಬಾಯಿಬಿಟ್ಟು.”

ಭಾವ ಇನ್ನೂ ನಗುತ್ತಲೇ ಇದ್ದ. ಬಡಗಿಯ ನಗು ಮಾತ್ರ ಅರ್ಧಕ್ಕೇ ನಿಂತಿತು. ಯಾವ ಹಾಡು ಹಾಡಬೇಕೆಂದು ಅಕ್ಕನನ್ನು ಕೇಳಿದವರು ಯಾರು? ಶ್ರುತಿ ಅವನ ಗಿಟಾರಿಗೆ ಅನುಕೂಲವಾದದ್ದು. ಅವಳು ನಿಲ್ಲುತ್ತಿದ್ದ ಜಾಗ ಭಾವನ ಡ್ರಮ್ ಬಿಟ್ಟು ಉಳಿದದ್ದು. ಪೆಟ್ಟಿಗೆ ಮಾಡುವಾಗ ಹಲಗೆಯ ಬಣ್ಣ ಯಾವುದಿರಲಿ ಎಂದು ಎದುರುಮನೆಯವರನ್ನೂ ಕೇಳಿದ್ದ, ಅಕ್ಕನನ್ನಲ್ಲ. ‘ನನ್ನ ಕೇಳೋರು ಯಾರೂ ಇಲ್ಲ.’ ಅವಳು ಹೇಳಿದ್ದು ಒಂದು, ಅವನ ಕಿವಿಗೆ ಬಿದ್ದದ್ದು ಇನ್ನೊಂದು.

“ನಾಳೆ ಬರ್ತೀವಿ ಯಜಮಾನ್ರೇ,” ಎಂದು ಭಾವನ ತೋಳು ಹಿಡಿದು ಎಳೆದುಕೊಂಡು ಹೊರಟ.

ಮರುದಿನ ಬೆಳಗ್ಗೆ ಬಡಗಿ ಹಾಲಿನ ಕೇಂದ್ರಕ್ಕೆ ಹೋದ. ಕ್ಯಾನುಗಳ ಢಣಢಣ, ಸಾಲಿನಲ್ಲಿ ನಿಂತವರ ಹರಟೆ, ಹೊರಗೆ ಹಾಲಿನ ವ್ಯಾನಿನ ಗುರುಗುರು. ಅಕ್ಕ ಒಬ್ಬೊಬ್ಬರ ನಂಬರು, ಲೀಟರು ಕೂಗುತ್ತಿದ್ದಳು. ಕೂಗು ಎಂದರೆ ಕೂಗಲ್ಲ. ಎದುರು ಕುಳಿತವರೊಡನೆ ಆಡುವಷ್ಟೇ ದನಿ. ಆದರೂ ಸಾಲಿನ ಕೊನೆಯಲ್ಲಿದ್ದ ಮುದುಕಿಗೂ ತನ್ನ ನಂಬರು ತಿಳಿಯುತ್ತಿತ್ತು. ಒಂದೊಂದು ಅಕ್ಷರವೂ ತೊಳೆದಿಟ್ಟ ಲೋಟದ ಹಾಗೆ ಬೇರೆಬೇರೆಯಾಗಿ ನಿಲ್ಲುತ್ತಿತ್ತು. ಇದನ್ನು ಇಷ್ಟು ವರ್ಷ ಅವನು ಗಮನಿಸಿಯೇ ಇರಲಿಲ್ಲ.

ಸಾಲು ಕರಗಿದ ಮೇಲೆ ಹತ್ತಿರ ಹೋದ. “ಅಕ್ಕ, ಕೇಳೋಣ ಅಂತ ಬಂದೆ.”

“ಹಾಲು ಮುಗೀತು.”

“ಹಾಲಲ್ಲ, ನಿನ್ನನ್ನ. ಯಾವ ಸ್ಪೀಕರ್ ತರೋಣ?”

ಅಕ್ಕ ಅಳತೆಯ ಪಾತ್ರೆ ಕವುಚಿ ಹಾಕಿ ಅವನ ಮುಖ ನೋಡಿದಳು. “ಯಾರು ಹೇಳಿಕೊಟ್ರು ಈ ಮಾತು?”

“ಅಂಗಡಿಯವರು.”

“ಪರವಾಗಿಲ್ಲ, ಊರಲ್ಲಿ ಒಬ್ಬರಾದ್ರೂ ಇದ್ದಾರೆ.” ತುಟಿಯ ತುದಿಯಲ್ಲಿ ನಗು ಇಣುಕಿತು. “ನಾನೇ ಬರ್ತೀನಿ ನಡಿ. ಇನ್ನೂ ಹಾಡ್ತೀನಿ ಅಂದಿಲ್ಲ, ನೆನಪಿರಲಿ.”

ಅಂಗಡಿಯಲ್ಲಿ ಅವಳು ವಾಟು ಕೇಳಲಿಲ್ಲ, ಇಂಚು ಕೇಳಲಿಲ್ಲ. ತಮ್ಮನನ್ನೂ, ದಾರಿಯಲ್ಲಿ ಗಿರಣಿಯಿಂದ ಕರೆತಂದಿದ್ದ ಗಂಡನನ್ನೂ ಕೋಣೆಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂರಿಸಿ ಇಬ್ಬರ ಕೈಗೂ ಕಾಗದ, ಪೆನ್ಸಿಲು ಕೊಟ್ಟಳು. ಚೀಲದಿಂದ ಹಾಲಿನ ಚೀಟಿಗಳ ಕಟ್ಟು ತೆಗೆದು ಮೊದಲು ದೊಡ್ಡ ಜೋಡಿಯಲ್ಲಿ ಹತ್ತು ನಂಬರು ಓದಿದಳು. ಆಮೇಲೆ ಸ್ಟ್ಯಾಂಡಿನ ಮೇಲೆ ತಲೆಯೆತ್ತರಕ್ಕೆ ನಿಲ್ಲಿಸಿದ್ದ ಹತ್ತಿಂಚಿನ ಸಣ್ಣ ಜೋಡಿಯಲ್ಲಿ ಬೇರೆ ಹತ್ತು.

ದೊಡ್ಡದರಲ್ಲಿ ಓದಿದ ಇಪ್ಪತ್ತಾರನ್ನು ಭಾವ ಎಪ್ಪತ್ತಾರು ಎಂದು ಬರೆದಿದ್ದ. ಬಡಗಿಯೂ ನಾಲ್ಕು ತಪ್ಪು ಮಾಡಿದ್ದ. ಸಣ್ಣದರಲ್ಲಿ ಬಡಗಿಯದು ಹತ್ತಕ್ಕೆ ಹತ್ತು, ಭಾವನದು ಎಂಟು.

“ಇಪ್ಪತ್ತು ಲೀಟರ್ ಕೊಟ್ಟೋರಿಗೆ ಎಪ್ಪತ್ತು ಅಂದ್ರೆ ಹಸೂನೇ ಹೆದರುತ್ತೆ,” ಎಂದಳು ಅಕ್ಕ.

“ದೊಡ್ಡದು ಮೈದಾನದ್ದಮ್ಮ,” ಎಂದ ಮುದುಕ. “ಕೋಣೇಲಿಟ್ರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ, ಮಾತಿನ ಮೇಲೆ ಮಾತು ಬೀಳುತ್ತೆ. ಸಣ್ಣದನ್ನ ನಿಮಗಿಂತ ಮುಂದೆ, ಜನರ ತಲೆ ಮೇಲಿಂದ ಹೋಗೋ ಹಾಗೆ ನಿಲ್ಲಿಸಿ.”

“ಅದು ನನ್ನ ಗಿರಣಿವರೆಗೂ ಕೇಳಲ್ವಲ್ಲ,” ಎಂದು ಭಾವ ಕೊನೆಯ ಸಲ ಗೊಣಗಿದ.

“ಗಿರಣಿವರೆಗೂ ಕೇಳ್ಬೇಕಾದ್ದು ಊಟಕ್ಕೆ ಕರೆಯೋದು ರೀ, ಹಾಡಲ್ಲ. ಅದಕ್ಕೆ ನನಗೆ ಸ್ಪೀಕರೇ ಬೇಡ.” ಆಮೇಲೆ ಮುದುಕನ ಕಡೆ ತಿರುಗಿದಳು. “ಇನ್ನೊಂದು ಬೇಕು. ಇವರಿಬ್ಬರ ಗಲಾಟೆ ಮಧ್ಯೆ ನನ್ನ ದನಿ ನನಗೇ ತಿಳಿಯಲ್ಲ. ಶ್ರುತಿ ಹಿಡಿಯೋದು ಹ್ಯಾಗೆ?”

ಮುದುಕ ಬಹಳ ದಿನದಿಂದ ಈ ಪ್ರಶ್ನೆಗೇ ಕಾದಿದ್ದವನಂತೆ ಒಳಗೆ ಹೋಗಿ ಓರೆಮುಖದ ಪುಟ್ಟ ಸ್ಪೀಕರೊಂದನ್ನು ತಂದು ಅವಳ ಕಾಲ ಬಳಿ, ಅವಳ ಕಡೆಗೇ ಮುಖ ಮಾಡಿ ಇಟ್ಟ. ಅಕ್ಕ ಮೈಕು ಹಿಡಿದು ಒಂದು ಸಾಲು ಗುನುಗಿದಳು, ನಿಲ್ಲಿಸಿದಳು, ಮತ್ತೆ ಗುನುಗಿದಳು. ಹೊಸ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುವವಳ ಹಾಗಿತ್ತು ಅವಳ ಮುಖ.

“ಭಾನುವಾರ ಎಷ್ಟು ಗಂಟೆಗೆ?” ಎಂದು ತಮ್ಮನನ್ನು ಕೇಳಿದಳು.

ಭಾನುವಾರ ಹನ್ನೊಂದಕ್ಕೆ ಶುರುವಾಯಿತು. ಸಣ್ಣ ಜೋಡಿಯನ್ನು ಬಡಗಿ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಮೆಟ್ಟಿಲು ಹತ್ತಿದ. ನಿಲ್ಲುವ ಜಾಗವನ್ನು ಅಕ್ಕನೇ ಆರಿಸಿದಳು. ಡ್ರಮ್ಮು ಕಿಟಕಿಯ ಪಕ್ಕಕ್ಕೆ ಸರಿಯಿತು. ಅರವತ್ತು ಕುರ್ಚಿ ತುಂಬಿ ಕೆಲವರು ಪುಸ್ತಕದ ಕಪಾಟಿಗೆ ಒರಗಿ ನಿಂತಿದ್ದರು. ಮೈಕು ಒಂದು ಸಲವೂ ಕಿರುಚಲಿಲ್ಲ.

ಮೂರನೆಯದು ಬಡಗಿಯ ಹಾಡು. ಎರಡನೆಯ ಚರಣ ಬಂದಾಗ ವಾಡಿಕೆಯಂತೆ ಅವನ ಕಣ್ಣು ಮುಚ್ಚಿತು. ಆಗ ಜನ ನಕ್ಕರು. ಮೊದಲು ಮುಂದಿನ ಸಾಲು, ಆಮೇಲೆ ಕಪಾಟಿನ ಬಳಿಯವರು. ಬಡಗಿ ಗಾಬರಿಯಿಂದ ಕಣ್ಣು ಬಿಟ್ಟು ತನ್ನ ಅಂಗಿಯ ಗುಂಡಿ ನೋಡಿಕೊಂಡ. ಎಲ್ಲ ಸರಿಯಾಗಿತ್ತು. ಹಾಡು ಮುಗಿದಾಗ ಚಪ್ಪಾಳೆ ನಿಲ್ಲುವಂತೆಯೇ ಕಾಣಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ವಾಚನಾಲಯದ ಮೇಲ್ವಿಚಾರಕಿ ಕಣ್ಣೊರೆಸಿಕೊಳ್ಳುತ್ತ ಬಂದರು. “ಅದೇನು ಸಾಲು ಬರೆದಿದ್ದೀರಪ್ಪ. ‘ನೀನು ಹೋದ ಮೇಲೆ ಮನೆ ತುಂಬ ಜನ.’ ಕೊನೇ ಸಾಲಲ್ಲಿ ಕೂತೋಳು ನಾನು, ನಕ್ಕು ನಕ್ಕು ಸಾಕಾಯ್ತು.”

ಅವರು ಅತ್ತ ಹೋದ ಮೇಲೆ ಬಡಗಿ ಅಕ್ಕನ ಕಡೆ ತಿರುಗಿದ. “ಜನ ಅಲ್ಲ ಅದು. ಮೌನ.”

“ನೀನು ಬರೆದದ್ದು ಮೌನ. ನಾನು ಹಾಡೋದು ಜನ,” ಎಂದಳು ಅಕ್ಕ, ಮೈಕಿನ ತಂತಿ ಸುತ್ತುತ್ತ. “ಎರಡು ವರ್ಷದಿಂದ. ಆ ಅಳುಮುಂಜಿ ಸಾಲು ನನ್ನ ಬಾಯಲ್ಲಿ ಬರಲ್ಲ.”

ಡ್ರಮ್ ಬಿಚ್ಚುತ್ತಿದ್ದ ಭಾವ, “ಏನಂತೆ?” ಎಂದು ಕೂಗಿ ಕೇಳಿದ.

“ನನಗೊಂದು ಮಾತು ಹೇಳಬಾರದಿತ್ತಾ ಅಕ್ಕ?”

ಅಕ್ಕ ತನ್ನ ಪುಟ್ಟ ಓರೆ ಸ್ಪೀಕರನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. “ನೀನು ಕೇಳಲಿಲ್ವಲ್ಲೋ,” ಎಂದು ಮೆಟ್ಟಿಲಿಳಿದಳು.