ಒಂದನೇ ಚೀಟಿ

“ಎಂತದಾ ಹುಲಗಪ್ಪ, ಮಗಳನ್ನು ಒಂದನೇ ಕುರ್ಚಿಯಲ್ಲಿ ಕೂರಿಸಿದ್ದಾ? ಮಾವನ ಮನೆಯಾ ಇದು, ಬೇವರ್ಸಿ?”

ಕೇಳಿದವರು ವಿಷ್ಣುಮೂರ್ತಿ. ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯ ಪಕ್ಕದ ಅವರ ಹೋಟೆಲಿನಲ್ಲಿ ನಾವು ಆರು ಮಂದಿ ತಟ್ಟೆ ತೊಳೆಯುತ್ತೇವೆ. ಹುಲಗಪ್ಪ ನಮ್ಮಲ್ಲಿ ಹಳಬ. ಆ ಭಾನುವಾರ ಮೇಲಿನ ಹಾಲ್‌ನಲ್ಲಿ ಅವರ ಖರ್ಚಿನಲ್ಲೇ ಶ್ವಾಸಕೋಶ ತಪಾಸಣಾ ಶಿಬಿರ.

“ಚೀಟಿ ಒಂದನೇದ ಐತ್ರಿ ಸಾವ್ಕಾರ್ರ,” ಎಂದ ಹುಲಗಪ್ಪ, ಡಾಕ್ಟರ ಪತ್ರವನ್ನೂ ಕೊಟ್ಟ.

ಅವನ ಮಗಳು ತನ್ವಿಗೆ ಹದಿನಾರು, ನೋಡಿದವರು ಹತ್ತು ಎನ್ನುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಬಂದಿತ್ತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ವೈರಾಣು ಹಿಡಿತದಲ್ಲಿದೆ, ಆದರೂ ಸ್ಟೇಷನ್ನಿನ ಮೆಟ್ಟಿಲಲ್ಲಿ ಉಸಿರು ಸಾಲದೆ ಮೂರು ಕಡೆ ನಿಲ್ಲಬೇಕು. ಕಫದಲ್ಲಿ ಏನೂ ಸಿಗದಿದ್ದರೂ ಎರಡು ಸಲ ಟಿಬಿ ಮದ್ದು ನುಂಗಿಸಿದ್ದರು. ಶ್ವಾಸಕೋಶದ ಸಣ್ಣ ನಾಳಗಳು ಕೆಟ್ಟಿರಬಹುದು, ಯಂತ್ರಕ್ಕೆ ಊದಿಸಿ ನೋಡಬೇಕು, ಇಲ್ಲದಿದ್ದರೆ ಮತ್ತೆ ಟಿಬಿ ಮದ್ದೇ ಗತಿ ಎಂದು ಹೊಸ ಡಾಕ್ಟರು ಹೇಳಿದ್ದರು. ಆಸ್ಪತ್ರೆಯ ಯಂತ್ರ ಕೆಟ್ಟು ಏಳು ತಿಂಗಳಾಗಿತ್ತು.

ವಿಷ್ಣುಮೂರ್ತಿ ಪತ್ರವನ್ನು ಮೈಕಿನ ಹತ್ತಿರವೇ ಗಟ್ಟಿಯಾಗಿ ಓದಿದರು. ಎಚ್‌ಐವಿ ಎಂಬುದು ಇಡೀ ಹಾಲ್‌ಗೆ ಕೇಳಿಸಿತು. ಶಿಬಿರಕ್ಕೆ ಅತಿಥಿಗಳಾಗಿ ಬಂದಿದ್ದ ಗಣ್ಯರು ಮೂಗಿಗೆ ಕರವಸ್ತ್ರ ಹಿಡಿದರು. ವಿಜ್ಞಾನದಲ್ಲಿ ಅವರಿಗೆ ಅಷ್ಟು ಆಸಕ್ತಿ. ಅವರು ಆಗಷ್ಟೇ ಇಡ್ಲಿ ತಿಂದ ತಟ್ಟೆ ತೊಳೆದವನು ಹುಲಗಪ್ಪನೇ. ಅದಕ್ಕೆ ಯಾರ ಹೊಟ್ಟೆಯೂ ತಕರಾರು ಮಾಡಲಿಲ್ಲ.

“ಇವಳು ಊದಿದ್ದಕ್ಕೆ ನಾವು ಬಾಯಿಡುವುದುಂಟಾ? ಎಲ್ಲರದ್ದೂ ಆಗಲಿ, ಮತ್ತೆ ನೋಡುವ,” ಎಂದರು ವಿಷ್ಣುಮೂರ್ತಿ.

ಯಂತ್ರ ನೋಡಿಕೊಳ್ಳುವ ಜಯಶೀಲ, ಒಬ್ಬೊಬ್ಬರಿಗೂ ಹೊಸ ಕಾಗದದ ಕೊಳವೆ ಹಾಕುತ್ತೇನೆಂದು ಮೆಲ್ಲಗೆ ಹೇಳಿದ. ಕೊನೆಗೆ ವಿಷ್ಣುಮೂರ್ತಿಯವರು ಅವನಿಗೆ ಶಾಲು ಹೊದೆಸುವ ಕಾರ್ಯಕ್ರಮವಿತ್ತು, ಎರಡನೇ ಚೀಟಿಯವರನ್ನು ಕರೆದ.

ಒಂದೂವರೆಗೆ ಎಲ್ಲರದ್ದೂ ಮುಗಿಯಿತು. ಫೋಟೊ ಸರಿಬರಲಿಲ್ಲವೆಂದು ವಿಷ್ಣುಮೂರ್ತಿ ಮತ್ತೊಮ್ಮೆ ಊದಿದರು. ಆಮೇಲೆ ಯಂತ್ರ ಕಟ್ಟಲು ಹೇಳಿ ಗಣ್ಯರೊಂದಿಗೆ ಅಲ್ಲೇ ಊಟಕ್ಕೆ ಕುಳಿತರು.

ತನ್ವಿ ಹೋಗಿ ಯಂತ್ರದ ಮುಂದೆ ಕೂತಳು. ಏಳು ಎಂದರೆ ಏಳಲಿಲ್ಲ. “ಪೈಪ್ ದ್ಯಾ,” ಎಂದು ಜಯಶೀಲನಿಗೆ ಮರಾಠಿಯಲ್ಲಿ ಹೇಳಿ ಕೊಳವೆಗೆ ಕೈ ಚಾಚಿದಳು.

ಅವಳನ್ನು ಎಳೆದುಹಾಕಲು ವಿಷ್ಣುಮೂರ್ತಿ ನಮಗೆ ಹೇಳಿದರು. ನಮ್ಮ ಕೈಯಲ್ಲಿ ಸಾರಿನ ಪಾತ್ರೆಗಳಿದ್ದವು. ಕೆಳಗಿಟ್ಟು ಅವಳ ಸುತ್ತ ನಿಂತೆವು.

“ಸೂಳೆಮಕ್ಕಳ್ರಾ, ನಾಳೆಯಿಂದ ಯಾರೂ ಬರುವುದು ಬೇಡ!”

ಜಯಶೀಲ ಕೊಳವೆ ಸಿಕ್ಕಿಸಿದ. ತನ್ವಿ ಊದಿದಳು. ಪರದೆಯ ಗೆರೆ ಅರ್ಧಕ್ಕೇ ಕುಸಿಯಿತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಸಾಕು ಎಂದ ಜಯಶೀಲ. ಮೂರು ಸಲ ಊದದೆ ವರದಿ ಬರೆಯುವುದಿಲ್ಲವೆಂದು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದವನು ಅವನೇ.

ಅವಳು ತುಟಿ ಒರೆಸಿಕೊಂಡಳು.

“ಅಜೂನ್ ದೋನ್‌ದಾ.”

ಇನ್ನೂ ಎರಡು ಸಲ. ಗಣ್ಯರ ಎಲೆಯಲ್ಲಿ ಅನ್ನ ಆರುತ್ತಿತ್ತು.