ಹಲ್ಲಿನ ಹುಳ

ನಾನು ಹೆತ್ತ ಮಗಳು ನನಗೆ ಬಾಯಿ ತೋರಿಸುವುದಿಲ್ಲ, ನನ್ನ ತಂಗಿಗೆ ತೋರಿಸುತ್ತಾಳೆ. ಹೊಟ್ಟೆ ಉರಿಯಲು ಇನ್ನೇನು ಬೇಕು ಹೇಳಿ!

ನಾನು ಟೈಲರ್. ಮಗಳಿಗೆ ನಾಲ್ಕು ವರ್ಷ. ಅಂಗಿಯ ಗುಂಡಿಯಂತೆ ದುಂಡಗಿದ್ದಾಳೆಂದು ಎಲ್ಲರೂ ಗುಂಡಿ ಎಂದೇ ಕರೆಯುತ್ತೇವೆ. ನಾನು ಅಂಗಡಿಯಲ್ಲಿ ಮಿಷನ್ ತುಳಿಯುವಾಗ ಅವಳನ್ನು ನೋಡಿಕೊಳ್ಳುವವಳು ನನ್ನ ತಂಗಿ. ಹೋದ ವಾರ ಗುಂಡಿಯ ದವಡೆಹಲ್ಲು ಕಪ್ಪಾಗಿದ್ದನ್ನು ಮೊದಲು ಕಂಡಿದ್ದು ನಾನೇ. "ಅಯ್ಯೋ ಕಂದಾ, ಹಲ್ಲಿಗೆ ಹುಳ ಹಿಡಿದುಬಿಟ್ಟಿದೆಯಲ್ಲೇ!" ಎಂದು ಕೂಗಿದೆ. ಅಂದಿನಿಂದ ನಾನು ಬ್ರಷ್ ಹಿಡಿದು ಹೋದರೆ ತುಟಿ ಬಿಗಿ. ಮುತ್ತು ಕೊಡು ಎಂದರೆ ಮುಖ ಆಚೆ. ಅದೇ ನನ್ನ ತಂಗಿ "ಆ ಅನ್ನು" ಎಂದರೆ ಸಾಕು, ಇಷ್ಟಗಲ ಬಾಯಿ! ಬಚ್ಚಲಲ್ಲಿ ಇಬ್ಬರೂ ನೊರೆ ಉಗಿಯುತ್ತಾ ಕಿಲಕಿಲ ನಗುತ್ತಿದ್ದರೆ ನಾನು ಹೊರಗೆ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ.

"ನಿಂಗೆ ತಾಳ್ಮೆ ಇಲ್ಲ ಅಕ್ಕ. ಮಕ್ಕಳಿಗೆ ಅದೆಲ್ಲ ಗೊತ್ತಾಗುತ್ತೆ" ಎಂದಳು ತಂಗಿ. ಮದುವೆಯೇ ಆಗದವಳು ನನಗೆ ಮಕ್ಕಳ ಪಾಠ ಹೇಳಲು ಬಂದಳು!

ಹಲ್ಲಿನ ಡಾಕ್ಟರಮ್ಮನ ಹತ್ತಿರ ಮೂವರೂ ಹೋದೆವು. "ಹಾಲುಹಲ್ಲು ತಾನೇ, ಬಿದ್ದುಹೋಗುತ್ತಲ್ವಾ?" ಎಂದೆ.

"ಬೀಳೋಕೆ ಇನ್ನೂ ವರ್ಷಗಳು ಬೇಕು. ಅಲ್ಲೀವರೆಗೆ ಬಿಟ್ರೆ ಕೀವಾಗುತ್ತೆ. ಇವತ್ತು ಬಾಯಿ ತೆಗೆದ್ರೆ ಹಲ್ಲು ತುಂಬಿಬಿಡ್ತೀನಿ, ತಡ ಮಾಡಿದ್ರೆ ಕೀಳಬೇಕಾಗುತ್ತೆ" ಎಂದರು ಅವರು.

ಸಣ್ಣ ಮಕ್ಕಳನ್ನು ನೋಡುವುದಕ್ಕೆ ಅವರದೊಂದು ರೀತಿಯಿತ್ತು. ಮನೆಯವರೊಬ್ಬರು ಅವರೆದುರು ಮಂಡಿಗೆ ಮಂಡಿ ತಾಗಿಸಿ ಕೂರಬೇಕು. ಮಗು ಮನೆಯವರ ತೊಡೆಯ ಮೇಲೆ ಕೂತು, ಹಿಂದಕ್ಕೆ ಒರಗಿ, ಡಾಕ್ಟರಮ್ಮನ ಮಡಿಲಲ್ಲಿ ತಲೆಯಿಡಬೇಕು. ನಾನು ಆಗಲೇ ಕೂತುಬಿಟ್ಟಿದ್ದೆ.

"ಚಿಕ್ಕಮ್ಮನ ಮೇಲೆ ಕೂರ್ತೀನಿ" ಎಂದಳು ಗುಂಡಿ.

"ಏಳಕ್ಕ" ಎಂದಳು ತಂಗಿ. ಆ ಮುಖದಲ್ಲಿದ್ದ ಜಂಬ ನೋಡಬೇಕಿತ್ತು!

"ಏಳಲ್ಲ ಕಣೇ! ಹೆತ್ತಿದ್ದು ನಾನಾ, ನೀನಾ?"

ಗುಂಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಡಾಕ್ಟರಮ್ಮ ಬಗ್ಗಿ, "ಅಮ್ಮ ಯಾಕಮ್ಮಾ ಬೇಡ?" ಎಂದು ಕೇಳಿದರು.

ಬೆರಳ ಸಂದಿಯಿಂದ ಮಾತು ಬಂತು: "ಬಾಯಿ ತೆಗೆದ್ರೆ ಹುಳ ಹಾರಿ ಅಮ್ಮಂಗೆ ಹೋಗುತ್ತೆ."

"ಚಿಕ್ಕಮ್ಮಂಗೆ ಹೋದ್ರೆ?" ಎಂದೆ. ಕೇಳದೆ ಇರಲಾಗಲಿಲ್ಲ.

ಗುಂಡಿ ಸ್ವಲ್ಪ ಯೋಚಿಸಿದಳು. "ಹೋಗ್ಲಿ."

ಡಾಕ್ಟರಮ್ಮ ನಗು ತಡೆದುಕೊಂಡು, "ಹುಳ ಅನ್ನೋದು ಬರೀ ಮಾತಿಗೆ ಪುಟ್ಟಾ. ಸಿಹಿ ಅಂಟಿಕೊಂಡು ಹಲ್ಲು ತೂತಾಗಿದೆ, ಅಷ್ಟೇ" ಎಂದು ಸಣ್ಣ ಕನ್ನಡಿ ಹಿಡಿದು ತೋರಿಸಿದರು. ಗುಂಡಿ ಕೈ ತೆಗೆದು ಕನ್ನಡಿಯಲ್ಲಿ ಹಲ್ಲು ನೋಡಿಕೊಂಡಳು, ನನ್ನನ್ನು ನೋಡಿದಳು, ಬಂದು ನನ್ನ ತೊಡೆಯೇರಿ ಬಾಯಿ ತೆರೆದಳು. ಹಲ್ಲು ತುಂಬಿಸುವಷ್ಟು ಹೊತ್ತೂ ಅವಳ ಕೈಗಳು ನನ್ನ ಕೈಯಲ್ಲೇ ಇದ್ದವು. ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಅಯ್ಯೋ ಪಾಪ ಅನ್ನಿಸಬೇಕಿತ್ತು. ಎಲ್ಲಿ! ಬೊಗಸೆ ಸಕ್ಕರೆ ಮುಕ್ಕಿದಷ್ಟು ಖುಷಿಯಾಗಿತ್ತು ನನಗೆ.

ಹೊರಗೆ ಬಂದಾಗ ತಂಗಿ, "ನನ್ನನ್ನ ಹುಳ ತಿಂದ್ರೂ ಪರವಾಗಿಲ್ವಂತೆ ಅಕ್ಕ" ಎಂದು ನಗಲು ನೋಡಿದಳು. ನಗು ಬರಲಿಲ್ಲ, ಕಣ್ಣು ತುಂಬಿತು.

"ಮಗು ಕಣೇ, ಏನೋ ಅಂತು" ಎಂದೆ. ಗುಂಡಿಯ ಒಂದು ಕೈಯನ್ನು ಅವಳಿಗೆ ಹಿಡಿಸಿದೆ. ಇನ್ನೊಂದನ್ನು ಮಾತ್ರ ನಾನು ಬಿಡಲಿಲ್ಲ.