ಹೊಳಪಿಲ್ಲದ ಸೀಟು

ಚಳಿ ಹಿಂದೆ ಸರಿದು ಬಿಸಿಲಿಗೆ ಚುರುಕು ಬಂದಿತ್ತು. ಸೀಟಿನ ಚರ್ಮ ಒಣಗಿ ಬಾಯಿಬಿಡುವ ಕಾಲವೆಂದರೆ ಇದೇ. ನಾಲ್ಕೂ ಬಾಗಿಲು ತೆರೆದು ಮಾವನ ಕಾರು ತೊಳೆಯುವ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಕಾರಿನೊಳಗೆ ಸೊಸೆ ಮಂಡಿಯೂರಿ, ಮುಂದಿನ ಸೀಟಿನ ಹೊಲಿಗೆಗುಂಟ ಮೆತ್ತನೆಯ ಬ್ರಷ್ ಆಡಿಸುತ್ತಿದ್ದಳು. ಬಿಳಿಯಾಗಿ ಹಚ್ಚಿದ ನೊರೆ ಕಂದು ಬಣ್ಣವಾಗಿ ಮೇಲೇಳುತ್ತಿತ್ತು. ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿದಳು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಮಾವನಿಗೆ ಆ ಕಂದು ನೊರೆಯನ್ನು ನೋಡಲಾಗುತ್ತಿರಲಿಲ್ಲ. ಬರಿಯ ಕೊಳೆಯಾಗಿದ್ದರೆ ಸರಿ. ಅವರೇ ವರ್ಷವರ್ಷವೂ ಬಳಿದಿದ್ದ ಹೊಳಪಿನೆಣ್ಣೆ ಅದು. ಈಗ ಅವರ ಬಲಭುಜ ಮೇಲೇಳದು. ಪಕ್ಕದ ಟೈರಿನಂಗಡಿಯವನು ಶೆಡ್ಡು ತನಗೆ ಕೊಡಿ ಎಂದು ಬೆನ್ನು ಹತ್ತಿದ್ದ. "ಔಷಧಿ ಅಂಗಡಿಯವರ ಈ ಕಾರು ನೀನೊಬ್ಬಳೇ ಮಾಡು," ಎಂದಿದ್ದರು ಮಾವ. "ಅವರು ಒಪ್ಪಿದ್ರೆ ಶೆಡ್ಡು ನಿಂದು. ಇಲ್ಲಾಂದ್ರೆ ಟೈರಿನವನದು."

ಸೀಟು ಆರಿದ ಮೇಲೆ ಅವಳು ಚರ್ಮದ ಕ್ರೀಮನ್ನು ಕಡಲೆಕಾಳಿನಷ್ಟು ಅಂಗೈಗೆ ಹಾಕಿಕೊಂಡು, ಕೈ ಬಿಸಿಯಾಗುವವರೆಗೆ ಉಜ್ಜಿ, ಸೀಟಿನ ಮೇಲೆ ಸವರಿದಳು. ಹೀರಿಕೊಳ್ಳದೆ ಉಳಿದದ್ದನ್ನು ಒರೆಸಿ ತೆಗೆದಳು.

"ಹೊಳಪೆಲ್ಲಿ?" ಮಾವ ಎದ್ದು ಬಂದರು. "ಮುಖ ತೊಳೀದೆ ಮದುವೆಗೆ ಹೊರಟ ಹಾಗಿದೆ."

"ತೊಳೆದೇ ಹೊರಟಿದೆ ಮಾವ. ಪೌಡರ್ ಬಳ್ಕೊಂಡಿಲ್ಲ ಅಷ್ಟೇ."

"ಅವರಿಗೆ ಕನ್ನಡಿ ತರ ಮಿಂಚಬೇಕು ಕಣಮ್ಮಾ. ನನ್ನೆಣ್ಣೆ ಒಂದು ಕೈ ಹಚ್ಚು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಹಚ್ಚಲ್ಲ. ನನ್ನ ಕೆಲಸ ನೋಡಿ ಬೇಡ ಅಂದ್ರೆ ಅನ್ನಲಿ. ನಿಮ್ಮ ಕೆಲಸ ನೋಡಿ ಹೂಂ ಅಂದ್ರೆ ನಂಗೇನು ಬಂತು?"

"ನಿನ್ನ ಬಾಯಿಗೆ ಟೈರಿನವನೇ ಸರಿ," ಎಂದು ಮಾವ ಸ್ಟೂಲಿಗೆ ಮರಳಿದರು.

ಸಂಜೆ ಔಷಧಿ ಅಂಗಡಿಯ ಯಜಮಾನರು ಹೆಂಡತಿಯೊಡನೆ ಬಂದರು. ಬಗ್ಗಿ ಒಳಗೆ ನೋಡಿದವರೇ ಹುಬ್ಬು ಗಂಟಿಕ್ಕಿದರು. "ಏನಯ್ಯಾ, ಮಂಕಾಗಿದೆಯಲ್ಲ! ಭುಜ ನೋವಿದ್ರೆ ಹೇಳ್ಬಾರದಿತ್ತಾ?"

ಮಾವ ತಮ್ಮ ಚಪ್ಪಲಿ ನೋಡಿಕೊಂಡರು.

"ಮಾಡಿದ್ದು ನಾನು," ಎಂದಳು ಸೊಸೆ. "ಒಂದು ಸುತ್ತು ಹೋಗಿ ಬನ್ನಿ. ಆಮೇಲೂ ಬೇಡ ಅನ್ನಿಸಿದ್ರೆ ಮಾವನ ಎಣ್ಣೆ ಬಳಿದು ಕೊಡ್ತೀನಿ."

ಕಾರು ಹೋಯಿತು. ಮಾವನೂ ಸೊಸೆಯೂ ಬೀದಿ ನೋಡುತ್ತ ನಿಂತರು. ಕಾರು ಮರಳಿ ಬಂದು ನಿಂತಾಗ ಮೊದಲು ಇಳಿದದ್ದು ಯಜಮಾನರ ಹೆಂಡತಿ ಕೂತಿದ್ದ ಕಡೆಯ ಗಾಜು.

"ಏನಮ್ಮಾ ಮಾಡಿದೆ ಇದಕ್ಕೆ? ಇಷ್ಟು ವರ್ಷ ಪ್ರತಿ ತಿರುವಿನಲ್ಲೂ ಜಾರಿ ಇವರ ಮೇಲೆ ಬೀಳ್ತಿದ್ದೆ. ಇವತ್ತು ಕೂತಲ್ಲೇ ಕೂತಿದ್ದೀನಿ!"

"ನಾನು ಪ್ರೀತಿ ಅಂದ್ಕೊಂಡಿದ್ದೆ," ಎಂದರು ಯಜಮಾನರು.

"ಅಯ್ಯೋ, ಆಸೆ ನೋಡು ಇವರದು!"

ಯಜಮಾನರು ಸೀಟಿನ ಮೇಲೆ ಕೈಯಾಡಿಸಿದರು. "ಮಿಂಚಲ್ಲ, ಅದೊಂದು ನಂಗೆ ಹಿಡಿಸ್ಲಿಲ್ಲ. ಆದ್ರೂ ಮುಂದಿನ ಸಲ ಇವಳೇ ಮಾಡ್ಲಿ ಕಣಯ್ಯಾ. ಮನೇಲಿ ನಂಗೆ ನೆಮ್ಮದಿ ಬೇಕಲ್ಲ."

ಕಾರು ಕಣ್ಮರೆಯಾದ ಮೇಲೂ ಮಾವ ಅಲ್ಲೇ ನಿಂತಿದ್ದರು. "ಇಷ್ಟು ವರ್ಷ ನನ್ನೆಣ್ಣೆಗೆ ಜಾರ್ತಿದ್ರಂತೆ. ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ಲ ನೋಡು ಆ ತಾಯಿ."

ನೀವು ಕೇಳಿದ್ರಾ ಎಂಬ ಮಾತು ಸೊಸೆಯ ನಾಲಿಗೆ ತುದಿಗೆ ಬಂತು. ಅವಳು ಬಟ್ಟೆಯನ್ನು ಬಕೆಟ್ಟಿನ ನೀರಿಗೆ ಅದ್ದಿದಳು.

ಗೋಡೆಯಾಚೆಯಿಂದ ಟೈರಿನಂಗಡಿಯವನು ಕೂಗಿದ. "ಅಣ್ಣಾ, ಶೆಡ್ಡು ಅಳತೆ ಮಾಡೋಕೆ ಬರ್ಲಾ?"

"ಬರಬೇಡ. ಅದು ನನ್ನ ಸೊಸೇದು," ಎಂದರು ಮಾವ.

ಆಮೇಲೆ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ದಿನವಿಡೀ ಒರೆಸಿದ ಬಟ್ಟೆಯನ್ನು ಎಡಗೈಯಿಂದ ಎತ್ತಿ ಹಿಂಡಲು ನೋಡಿದರು. ಒಂದು ಕೈಗೆ ಅದು ಬಗ್ಗಲಿಲ್ಲ. ಸೊಸೆ ಎದುರು ಕೂತು ಇನ್ನೊಂದು ತುದಿ ಹಿಡಿದು ತಿರುಚಿದಳು. ಕಂದು ನೀರು ಇಬ್ಬರ ನಡುವೆ ಬಕೆಟ್ಟಿಗೆ ಸುರಿಯಿತು.